ಸೊಪ್ಪಿನ ಬೆಟ್ಟ, ಕಾನು, ಅಕೇಶಿಯಾ: ಬಿ.ಎಸ್ಸಿ. ಪ್ರಾಜೆಕ್ಟ್‌ಗೆ ಸಲಹೆ ಬೇಕಿತ್ತು

ಮುರುಗಲು_ಹುಳಿ

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಕಡೆಯ ನಾಲ್ವರು, ಬಿ.ಎಸ್ಸಿ. ಕೊನೆಯ ವರ್ಷ. "ಮನುಷ್ಯರ ಬಳಕೆಯಿಂದ ಕಾಡಿನಲ್ಲಿ ಆದ ಬದಲಾವಣೆ" ಅಂತ ಪ್ರಾಜೆಕ್ಟ್ ತೆಗೆದುಕೊಂಡಿದ್ದೇವೆ. ನಮ್ಮಲ್ಲಿ ಒಬ್ಬಳ ಅಜ್ಜನ ಮನೆ ಸಿದ್ದಾಪುರ ತಾಲೂಕಿನಲ್ಲಿದೆ. ಅಲ್ಲಿ ಮೂರು ಥರದ ಕಾಡು ಹತ್ತಿರ ಹತ್ತಿರವೇ ಸಿಗುತ್ತದೆ: ಅವರ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು), ಅದರ ಮೇಲ್ಗಡೆ ದೇವರ ಕಾನು (ಊರಿನವರು ದೇವರಿಗೆ ಬಿಟ್ಟ ದಟ್ಟ ನಿತ್ಯಹರಿದ್ವರ್ಣ ಕಾಡು), ರಸ್ತೆಯಾಚೆ ಅರಣ್ಯ ಇಲಾಖೆಯ ಅಕೇಶಿಯಾ ತೋಪು. ಮೂರರಲ್ಲೂ ಒಂದೊಂದು ಪ್ಲಾಟ್ ಹಾಕಿ ಮರಗಳ ಜಾತಿ, ಸಂಖ್ಯೆ, ಸುತ್ತಳತೆ ಬರೆದುಕೊಂಡು ಹೋಲಿಸುವ ಯೋಚನೆ. ಕಾನಿನಲ್ಲಿ ಜಾತಿ ಜಾಸ್ತಿ, ಬೆಟ್ಟದಲ್ಲಿ ಕಮ್ಮಿ, ಅಕೇಶಿಯಾದಲ್ಲಿ ತೀರಾ ಕಮ್ಮಿ ಅಂತ ಬರಬಹುದು. ಗೈಡ್ ಸರ್ ಒಪ್ಪಿದ್ದಾರೆ.

ಪ್ಲಾಟ್ ಎಷ್ಟು ದೊಡ್ಡದಿರಬೇಕು? ಯಾವ ತಿಂಗಳು ಒಳ್ಳೆಯದು? ದುಡ್ಡು ಅಂತ ಏನೂ ಇಲ್ಲ, ಬೈಕ್ ಎರಡಿವೆ.

ಉಂಬಳ_ಕಾಟ

ಬೈಕ್ ಎರಡಿದ್ದರೆ ಧಾರಾಳ ಆಯಿತು. ಆದರೆ ಉತ್ತರ ಮೊದಲೇ ಗೊತ್ತಿದ್ದರೆ ಉಂಬಳಕ್ಕೆ ರಕ್ತ ಕೊಡೋಕೆ ಕಾಡಿಗೆ ಯಾಕೆ ಹೋಗಬೇಕು? ನೀವು ಬರೆದ ಫಲಿತಾಂಶವನ್ನು ನಿಮ್ಮ ಗೆಳತಿಯ ಅಜ್ಜ ಜಗುಲಿ ಮೇಲೆ ಕೂತೇ ಹೇಳುತ್ತಾರೆ.

ಎರಡು ತೊಂದರೆ ಇದೆ. ಒಂದೊಂದೇ ಪ್ಲಾಟ್ ಹಾಕಿದರೆ ನೀವು ಹೋಲಿಸುವುದು ಮೂರು ಜಾಗವನ್ನು, ಮೂರು ಬಳಕೆಯನ್ನಲ್ಲ. ಕಾನು ಸಾಮಾನ್ಯವಾಗಿ ಹಳ್ಳದ ತಲೆಯಲ್ಲಿ, ತಂಪಿನಲ್ಲಿ ಇರುತ್ತದೆ. ಅಕೇಶಿಯಾ ನೆಟ್ಟಿದ್ದು ಹೆಚ್ಚಾಗಿ ಮೊದಲೇ ಬೋಳಾಗಿದ್ದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ನೆಲದ ಮೇಲೆ. ಅಲ್ಲಿ ಮರ ಕಮ್ಮಿ ಇದ್ದರೆ ಅದು ಅಕೇಶಿಯಾದ ತಪ್ಪೋ, ಮಣ್ಣಿನ ತಪ್ಪೋ? ಹೇಗೆ ಹೇಳುತ್ತೀರಿ?

ಇನ್ನೊಂದು, ಶೀರ್ಷಿಕೆಯಲ್ಲಿ "ಬದಲಾವಣೆ" ಅಂತ ಬರೆದಿದ್ದೀರಿ. ಬದಲಾವಣೆ ಅಂದರೆ ಮೊದಲು ಹೇಗಿತ್ತು, ಈಗ ಹೇಗಿದೆ ಎರಡೂ ಬೇಕು ಅಲ್ವಾ? ನಿಮ್ಮ ಹತ್ತಿರ ಇರುವುದು "ಈಗ" ಮಾತ್ರ.

ಪ್ಲಾಟ್ ವಿಷಯ: ಮಲೆನಾಡಿನಲ್ಲಿ ಚೆನ್ನಾಗಿ ನಡೆಯುವ ಒಂದು ಕ್ರಮ ಇದೆ. 180 ಮೀಟರ್ ಹಗ್ಗ ಎಳೆಯಿರಿ. ಹಗ್ಗದ ಎಡಕ್ಕೊಂದು ಬಲಕ್ಕೊಂದು 20 ಮೀಟರ್ ಚೌಕದ 5 ಪ್ಲಾಟ್ ಹಾಕಿ, ನಡುವೆ 20 ಮೀಟರ್ ಬಿಡಿ. ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ 30 ಸೆಂ.ಮೀ.ಗಿಂತ ಜಾಸ್ತಿ ಸುತ್ತಳತೆ ಇರುವ ಮರಗಳನ್ನೆಲ್ಲ ಬರೆಯಿರಿ. ಪ್ರತಿ ಪ್ಲಾಟ್ ಒಳಗೆ 5 ಮೀಟರ್ ಚೌಕದ ಎರಡು ತುಂಡಿನಲ್ಲಿ ಪೊದೆ ಮತ್ತು ಸಸಿ, 1 ಮೀಟರ್ ಚೌಕದ ಎರಡರಲ್ಲಿ ಹುಲ್ಲು, ಗಿಡಮೂಲಿಕೆ. ಇದೇ ಅಳತೆ ಹಿಡಿದರೆ ಜಿಲ್ಲೆಯಲ್ಲಿ ಬೇರೆಯವರು ಮಾಡಿದ್ದರ ಜತೆ ಇಟ್ಟು ನೋಡಬಹುದು. ನಿಮ್ಮದೇ ಹೊಸ ಅಳತೆ ಕಂಡುಹಿಡಿಯಬೇಡಿ.

ತೋಟದ_ಮನೆ

ತಂಗಿ, ನಿನ್ನ ಪ್ರಾಜೆಕ್ಟ್ ಓದಿ ಸ್ವಲ್ಪ ಬೇಜಾರಾಯಿತು. "ಮನುಷ್ಯರ ಬಳಕೆ" ಅಂದ ಕೂಡಲೇ ಬೆಟ್ಟದವರು ಕಾಡು ಹಾಳು ಮಾಡಿದವರು ಅಂತ ಮೊದಲೇ ಬರೆದು ಇಟ್ಟುಕೊಂಡ ಹಾಗಿದೆ.

ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ ಇದು. ಸೊಪ್ಪು ನಮ್ಮದು, ಮರ ಸರಕಾರದ್ದು. ಮಳೆಗಾಲದಲ್ಲಿ ಹಸಿ ಸೊಪ್ಪು ಕೊಟ್ಟಿಗೆಗೆ, ಬೇಸಿಗೆಯಲ್ಲಿ ದರಕು, ಅಂದರೆ ಒಣಗಿ ಬಿದ್ದ ಎಲೆ. ಕೊಟ್ಟಿಗೆಯಿಂದ ಗೊಬ್ಬರ ಗುಂಡಿಗೆ, ಗುಂಡಿಯಿಂದ ಅಡಿಕೆ ಬುಡಕ್ಕೆ. ಚೀಲದ ಗೊಬ್ಬರ ಬರುವ ಮೊದಲು ಇಲ್ಲಿಯ ತೋಟ ಬದುಕಿದ್ದೇ ಹೀಗೆ. ನಮ್ಮ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ಕಿಂದಲ ಎಲ್ಲ ಇವೆ. ತಬ್ಬಿದರೆ ಕೈ ಕೂಡದ ಮತ್ತಿ ಮರಗಳಿವೆ. ಬಂದು ನೋಡು.

ಬೆಟ್ಟ ಬೋಳಾಗಿದ್ದು ಹೌದು, ಕೆಲವು ಕಡೆ. ಪಾಲಾಗಿ ಪಾಲಾಗಿ ಒಂದು ಮನೆಗೆ ಒಂದು ತುಂಡು ಉಳಿದಲ್ಲಿ, ತುದಿ ಬಿಡದೆ ಕೊಂಬೆ ಸವರಿದಲ್ಲಿ. ಎಲ್ಲರ ಬೆಟ್ಟವನ್ನೂ ಒಂದೇ ಪಟ್ಟಿಗೆ ಹಾಕಬೇಡ.

ಉಂಬಳ_ಕಾಟ

ಅಣ್ಣ, ನಿಮ್ಮ ಕೊನೆಯ ಸಾಲೇ ಇವರ ಪ್ರಾಜೆಕ್ಟ್ ಆಗಬೇಕು. ಕಾನು, ಬೆಟ್ಟ, ಅಕೇಶಿಯಾ ಅಂತ ಮೂರು ಡಬ್ಬಿ ಮಾಡುವ ಬದಲು ಬೆಟ್ಟವನ್ನೇ ತೆಗೆದುಕೊಳ್ಳಿ. ಒಂದೇ ಊರಿನ ಬೇರೆ ಬೇರೆ ಮನೆಯ ಬೆಟ್ಟ. ಮಣ್ಣು ಹೆಚ್ಚು ಕಮ್ಮಿ ಒಂದೇ, ಮಳೆ ಒಂದೇ, ಬಳಸುವ ರೀತಿ ಬೇರೆ.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಕೈ ಕೂಡದ ಮತ್ತಿ ಇದೆ ಅಂದಿರಲ್ಲ, ಅದರ ಕೆಳಗೆ ಮೊಣಕಾಲೆತ್ತರದ ಮತ್ತಿ ಸಸಿ ಎಷ್ಟಿದೆ?

ತೋಟದ_ಮನೆ

ಅಷ್ಟು ಲಕ್ಷ್ಯ ಕೊಟ್ಟು ನೋಡಿಲ್ಲ. ದರಕು ಗುಡಿಸುವಾಗ ಸಸಿ ಉಳಿಯುವುದು ಕಷ್ಟವೇ ಸೈ.

ಉಂಬಳ_ಕಾಟ

ಅಲ್ಲಿದೆ ನೋಡಿ ವಿಷಯ. ಮುರುಗಲು_ಹುಳಿ, ನೀವು ಮರ ಎಣಿಸಿದರೆ ಸಿಗುವುದು ಐವತ್ತು, ನೂರು ವರ್ಷದ ಹಿಂದಿನ ಕತೆ. ಈಗಿನ ಬಳಕೆಯ ಪರಿಣಾಮ ಮರದಲ್ಲಿ ಕಾಣುವುದಿಲ್ಲ, ನೆಲದಲ್ಲಿ ಕಾಣುತ್ತದೆ. ದೊಡ್ಡ ಮರ ತುಂಬಾ ಇದ್ದು ಸಸಿ ಇಲ್ಲದ ಬೆಟ್ಟ ಮೇಲ್ನೋಟಕ್ಕೆ ಸೊಂಪಾಗಿರುತ್ತದೆ. ಮೊಮ್ಮಕ್ಕಳಿಲ್ಲದ ಮನೆ ಇದ್ದ ಹಾಗೆ, ಅಷ್ಟೇ.

ಹಾಗಾಗಿ ಸಸಿಗಳನ್ನು ಎತ್ತರದ ಪ್ರಕಾರ ವಿಂಗಡಿಸಿ: ಗೇಣುದ್ದದ್ದು, ಮೊಣಕಾಲುದ್ದದ್ದು, ಆಳುದ್ದದ್ದು, ಆಮೇಲೆ ಸುತ್ತಳತೆ 10ರಿಂದ 30 ಸೆಂ.ಮೀ. ಇರುವ ಎಳೆ ಮರ. ಎಲ್ಲಿ ಸರಪಳಿ ಕಡಿದಿದೆ ನೋಡಿ. ಗೇಣುದ್ದದ್ದು ರಾಶಿ ಇದ್ದು ಮೊಣಕಾಲುದ್ದದ್ದು ಮಾಯ ಆಗಿದ್ದರೆ ಬೀಜ ಬೀಳುತ್ತಿದೆ, ಆದರೆ ಗುಡಿಸುವ ಕಸಬರಿಗೆಯೋ ದನದ ಕಾಲೋ ಬೆಂಕಿಯೋ ಉಳಿಯಲು ಬಿಡುತ್ತಿಲ್ಲ. ಗೇಣುದ್ದದ್ದೇ ಇಲ್ಲದಿದ್ದರೆ ಬೇರೆ ಕತೆ. ತುದಿ ಸವರಿ ಸವರಿ ಮರ ಹೂ ಬಿಡುವುದನ್ನೇ ಕಮ್ಮಿ ಮಾಡಿರಬಹುದು. ಎರಡಕ್ಕೂ ಮದ್ದು ಬೇರೆ.

ಇನ್ನೊಂದು. ಮತ್ತಿ ಅಥವಾ ಕಿಂದಲ ಮರದ ಹತ್ತಿರ ನಿಂತು ಕಾಂಡ ನೋಡಿ. ವರ್ಷ ವರ್ಷ ಸವರಿದ ಮರದಲ್ಲಿ ಕೊಂಬೆ ಅಂತ ಇರುವುದಿಲ್ಲ. ಬುಡದಿಂದ ತುದಿವರೆಗೆ ಗಂಟು, ಗಂಟಿಗೊಂದು ಸಣ್ಣ ಕುಚ್ಚು ಎಲೆ. ಸವರುವುದು ಬಿಟ್ಟು ಐದಾರು ವರ್ಷ ಆದರೆ ಅದೇ ಗಂಟಿನಿಂದ ಎರಡು ಮೂರು ಕೊಂಬೆ ತೋಳು ದಪ್ಪ ಆಗಿರುತ್ತವೆ. ಹಳೆ ಗಾಯದ ಸುತ್ತ ತೊಗಟೆ ಮುಚ್ಚಿಕೊಂಡು ಬಂದಿರುತ್ತದೆ. ಯಾರನ್ನೂ ಕೇಳದೆ ಅರ್ಧ ಇತಿಹಾಸ ಮರದಲ್ಲೇ ಓದಬಹುದು. ಉಳಿದರ್ಧಕ್ಕೆ ಮನೆಯವರನ್ನು ಕೇಳಿ. ದನ ಎಷ್ಟಿತ್ತು, ಈಗ ಎಷ್ಟಿದೆ, ಸೊಪ್ಪಿಗೆ ಕೊನೆಯದಾಗಿ ಹೋಗಿದ್ದು ಯಾವಾಗ, ದರಕು ಯಾರು ಒಯ್ಯುತ್ತಾರೆ.

ಹಳೆ_ಹರ್ಬೇರಿಯಂ

ನಿವೃತ್ತ ಮೇಷ್ಟ್ರು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ.

ಕಾನನ್ನು "ಮನುಷ್ಯ ಮುಟ್ಟದ ಕಾಡು" ಅಂತ ಇಟ್ಟುಕೊಂಡು ಬೆಟ್ಟವನ್ನು ಅದಕ್ಕೆ ಹೋಲಿಸುವುದು ವಿದ್ಯಾರ್ಥಿಗಳ ವರದಿಗಳಲ್ಲಿ ಬಹಳ ಕಾಣುತ್ತದೆ. ಕಾನನ್ನು ಮನುಷ್ಯ ಚೆನ್ನಾಗಿಯೇ ಮುಟ್ಟಿದ್ದಾನೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬುಕಾನನ್ ಶಿರಸಿ ಹತ್ತಿರದ ಸೋಂದಾ ಸೀಮೆಯಲ್ಲಿ ಓಡಾಡಿದಾಗ ಕಾಳುಮೆಣಸು ಬೆಳೆಯುವ ಕಾನುಗಳನ್ನು ಕಂಡು ಬರೆದಿಟ್ಟಿದ್ದಾನೆ. 1868ರಲ್ಲಿ ಬ್ರಿಟಿಷ್ ಸರಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ವರದಿ ಕೊಟ್ಟರು. ಆ ಒಂದೇ ತಾಲೂಕಿನಲ್ಲಿ 171 ಕಾನುಗಳ ಲೆಕ್ಕ ಅದರಲ್ಲಿದೆ. ಮೆಣಸಿನ ಬಳ್ಳಿ ಹಬ್ಬಿಸಿದ್ದು, ಬಗನಿ ಮರದಿಂದ ಕಳ್ಳು ಇಳಿಸಿದ್ದು, ಬೆಂಕಿ ಬೀಳದ ಹಾಗೆ ಕಾದಿದ್ದು, ದೇವರಿಗೆ ಬಿಟ್ಟಿದ್ದು ಎಲ್ಲ ಊರಿನವರೇ. ಅದೂ ಬಳಕೆಯೇ, ಬೇರೆ ಥರದ ಬಳಕೆ.

ಬದಲಾವಣೆಯ ದೊಡ್ಡ ಚಿತ್ರ ಬೇಕಾದರೆ ಉಪಗ್ರಹದ ಲೆಕ್ಕ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಉತ್ತರ ಕನ್ನಡ ಜಿಲ್ಲೆಗೆ ಮಾಡಿದ್ದು. 1973ರಲ್ಲಿ ಜಿಲ್ಲೆಯ ಸುಮಾರು ಶೇ. 67 ಭಾಗ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು. 2013ಕ್ಕೆ ಅದು ಸುಮಾರು ಶೇ. 32. ಅಣೆಕಟ್ಟು, ನೆಡುತೋಪು, ಕಾರ್ಖಾನೆಗೆ ಮರ, ತೋಟದ ವಿಸ್ತರಣೆ ಎಲ್ಲ ಸೇರಿ ಆಗಿದ್ದು. ಇದರ ಪಕ್ಕ ಒಂದು ಮನೆಯವರು ಹೊತ್ತ ದರಕಿನ ಹೊರೆ ಎಷ್ಟು, ಯೋಚಿಸಿ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡಿದ್ದು ಸುಮ್ನೆ ಅಲ್ಲ. ಅಪ್ಪಿಕೋ ಚಳವಳಿ ಮಾಡಿದವರಲ್ಲೂ ಬೆಟ್ಟದ ಸೊಪ್ಪು ಬಳಸುವವರಿದ್ದರು. ಈ ಮಾತನ್ನು ನಿಮ್ಮ ಪೀಠಿಕೆಯಲ್ಲಿ ಬರೆಯಿರಿ.

ಆದರೆ ಉಪಗ್ರಹ ಮೇಲಿನಿಂದ ನೋಡುತ್ತದೆ. ಮೊಣಕಾಲುದ್ದದ ಸಸಿ ಅದಕ್ಕೆ ಕಾಣುವುದಿಲ್ಲ. ನಿಮ್ಮ ಕೆಲಸಕ್ಕೆ ಬೆಲೆ ಬರುವುದು ಅಲ್ಲಿ.

ನರ್ಸರಿ_ಚೀಲ

ಎಲ್ಲರೂ ಅಕೇಶಿಯಾಕ್ಕೆ ಬೈಯುತ್ತೀರಿ, ಅದರದ್ದೇ ಸೌದೆಯಲ್ಲಿ ಅಡಿಕೆ ಬೇಯಿಸುತ್ತೀರಿ 😀 ಆ ಸೌದೆ ಇಲ್ಲದಿದ್ದರೆ ಕಾನಿಗೆ ಕೊಡಲಿ ಬೀಳುತ್ತಿತ್ತು. ಹಳೆ ತೋಪುಗಳ ಒಳಗೆ ಹೋಗಿ ನೋಡಿ, ಹಳ್ಳದ ಬದಿಯಲ್ಲಿ ನೇರಳೆ, ಮುರುಗಲು ಎದ್ದು ಬರುತ್ತಿವೆ. ಹಕ್ಕಿ ತಂದು ಹಾಕುತ್ತವೆ.

ಹಳೆ_ಹರ್ಬೇರಿಯಂ

ಹಳ್ಳದ ಬದಿಯಲ್ಲಿ ಹೌದು, ಪಕ್ಕದಲ್ಲಿ ಬೀಜ ಕೊಡುವ ಕಾಡು ಇದ್ದರೆ. ರಸ್ತೆ ಬದಿಯ ದಿಣ್ಣೆ ಮೇಲೆ? ಅಕೇಶಿಯಾದ ಎಲೆ ಕೊಳೆಯುವುದೇ ನಿಧಾನ. ಒಣಗಿ ದಪ್ಪ ಹಾಸು ಆಗಿ ಬಿದ್ದಿರುತ್ತದೆ, ಬೇಸಿಗೆಯಲ್ಲಿ ಬೆಂಕಿಗೆ ಒಳ್ಳೆಯ ಮೇವು. ಸೌದೆ ಮಾತು ಒಪ್ಪುತ್ತೇನೆ. ಆದರೆ ಸೌದೆಗೆ ಅಕೇಶಿಯಾ ಒಂದೇ ಗತಿ ಅನ್ನುವುದನ್ನು ಒಪ್ಪುವುದಿಲ್ಲ.

ಮುರುಗಲು_ಹುಳಿ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿನ್ನೆ ಅಜ್ಜನಿಗೆ ಫೋನ್ ಮಾಡಿ ಕೇಳಿದೆವು. ಮೊದಲು ಅವರ ಕೊಟ್ಟಿಗೆ ತುಂಬಾ ದನ ಇದ್ದವಂತೆ, ಈಗ ಒಂದು ಹಸು, ಒಂದು ಕರು. ಸೊಪ್ಪು ಕಡಿಯಲು ಆಳು ಸಿಗದೆ ಬಿಟ್ಟು ವರ್ಷಗಳೇ ಆಗಿವೆ. ಪಕ್ಕದ ಮನೆಯವರು ಇನ್ನೂ ದರಕು ಒಯ್ಯುತ್ತಾರೆ. ಆಚೆ ಮನೆಯವರು ಬೆಟ್ಟದ ಕೆಳಭಾಗದಲ್ಲಿ ಹೊಸ ತೋಟ ಮಾಡಿದ್ದಾರೆ, ಮೇಲ್ಭಾಗ ಈಗಲೂ ಸವರುತ್ತಾರೆ. ಅಂದರೆ ಒಂದೇ ಊರಿನಲ್ಲಿ ಬಿಟ್ಟ ಬೆಟ್ಟ, ಗುಡಿಸುವ ಬೆಟ್ಟ, ಸವರುವ ಬೆಟ್ಟ ಮೂರೂ ಸಿಗುತ್ತವೆ. ಬಿಟ್ಟ ಬೆಟ್ಟ ತಾನಾಗಿ ಕಾನಾಗುತ್ತದಾ?

ಜತೆಗೆ ನೀರಿನದ್ದು ಏನಾದರೂ ಅಳೆಯಬೇಕು ಅಂತ ನಮ್ಮಲ್ಲಿ ಒಬ್ಬನ ಹಟ. ಯಂತ್ರ ಇಲ್ಲದೆ ಆಗುತ್ತದಾ?

ಒರತೆ_ನೀರು

ಆಗುತ್ತದೆ, ಒಂದು ಪಿವಿಸಿ ಪೈಪಿನ ತುಂಡಿನಲ್ಲಿ. 15ರಿಂದ 20 ಸೆಂ.ಮೀ. ಅಗಲದ್ದು. ಗೇಣುದ್ದ ಕತ್ತರಿಸಿ ಒಂದು ಅಂಚನ್ನು ಅರ ಹಾಕಿ ಚೂಪು ಮಾಡಿ. ದರಕನ್ನು ಕೈಯಿಂದ ಮೆಲ್ಲಗೆ ಸರಿಸಿ, ಮೇಲೆ ಹಲಗೆ ಇಟ್ಟು 5 ಸೆಂ.ಮೀ. ನೆಲಕ್ಕೆ ಇಳಿಯುವಷ್ಟು ಬಡಿಯಿರಿ. ಓರೆ ಆಗಬಾರದು. ಒಳಗಡೆ ಸ್ಕೇಲ್ ನಿಲ್ಲಿಸಿ, ನೀರು ಹೊಯ್ಯಿರಿ. ನೀರು ಬೀಳುವ ಜಾಗಕ್ಕೆ ಒಂದು ಎಲೆ ಇಡಿ, ಇಲ್ಲದಿದ್ದರೆ ಮಣ್ಣು ಕದಡಿ ರಂಧ್ರ ಮುಚ್ಚಿಕೊಳ್ಳುತ್ತದೆ. 5 ಸೆಂ.ಮೀ. ಇಳಿಯಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡಿ, ಮತ್ತೆ ತುಂಬಿ, ಮತ್ತೆ ನೋಡಿ. ಮೊದಲ ಸಲ ಬೇಗ ಇಳಿಯುತ್ತದೆ, ಅದನ್ನು ನಂಬಬೇಡಿ. ಮೂರು ಸಲ ಹೆಚ್ಚು ಕಮ್ಮಿ ಒಂದೇ ಹೊತ್ತು ಬಂದ ಮೇಲೆ ಬರೆದುಕೊಳ್ಳಿ. ಒಂದು ಬೆಟ್ಟದಲ್ಲಿ ಕನಿಷ್ಠ ಹತ್ತು ಕಡೆ ಮಾಡಿ. ಮರದ ಬುಡ, ದನದ ದಾರಿ, ಮಧ್ಯದ ಬಯಲು ಎಲ್ಲ ಸೇರಿರಲಿ. ಬೇರಿನ ತೂತು ಸಿಕ್ಕರೆ ನೀರು ಗಟಗಟ ಹೋಗುತ್ತದೆ, ಅದನ್ನೂ ಬಿಡದೆ ಬರೆಯಿರಿ.

ಉತ್ತರ ಕನ್ನಡದಲ್ಲೇ ನೀರಿನ ಸಂಶೋಧಕರು ಒಳ್ಳೆಯ ಕಾಡು, ಸವೆದ ಕಾಡು, ಅಕೇಶಿಯಾ ತೋಪು ಮೂರರ ಸಣ್ಣ ಹಳ್ಳಗಳಿಗೆ ಅಳತೆ ಕೂರಿಸಿ ನೋಡಿದ್ದಾರೆ. ಕಡಿಮೆ ಕೈಯಾಡಿದ ಕಾಡಿನ ಮಣ್ಣು ನೀರನ್ನು ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಸವೆದ ಕಾಡಿನಲ್ಲಿ ಮಳೆ ನೀರು ಮೇಲ್ಮೇಲೇ ಹರಿದು ಹೋಗುವುದು ಜಾಸ್ತಿ. ನಿಮ್ಮ ಪೈಪಿನಲ್ಲಿ ಅಷ್ಟು ನಿಖರ ಬರುವುದಿಲ್ಲ. ಆದರೆ ಗುಡಿಸುವ ಬೆಟ್ಟಕ್ಕೂ ಬಿಟ್ಟ ಬೆಟ್ಟಕ್ಕೂ ವ್ಯತ್ಯಾಸ ಇದ್ದರೆ ಗೊತ್ತಾಗುತ್ತದೆ. ತೋಟದವರಿಗೆ ಈ ಲೆಕ್ಕ ಸಸಿ ಲೆಕ್ಕಕ್ಕಿಂತ ಬೇಗ ಅರ್ಥ ಆಗುತ್ತದೆ. ಬೆಟ್ಟ ಕುಡಿದ ನೀರೇ ಅಲ್ವಾ ಬೇಸಿಗೆಯಲ್ಲಿ ತೋಟದ ಒರತೆಗೆ ಬರುವುದು.

ಉಂಬಳ_ಕಾಟ

ಬಿಟ್ಟ ಬೆಟ್ಟ ಕಾನಾಗುತ್ತದಾ ಅಂತ ಕೇಳಿದ್ದು ಒಳ್ಳೆಯ ಪ್ರಶ್ನೆ. ನನ್ನ ಅಂದಾಜು: ಕಾನು ಪಕ್ಕದಲ್ಲಿದ್ದ ಅಂಚಿನಲ್ಲಿ ನಿತ್ಯಹರಿದ್ವರ್ಣದ ಜಾತಿಗಳು ಇಳಿದು ಬರುತ್ತವೆ. ದೂರದಲ್ಲಿ ಯುಪಟೋರಿಯಂ ಕಳೆ ಮೊದಲು ತುಂಬಿಕೊಳ್ಳುತ್ತದೆ. ಬಳಕೆ ನಿಂತರೆ ಕಾಡಿಗೆ ಒಳ್ಳೆಯದೇ ಆಗುತ್ತದೆ ಅಂತ ಕಣ್ಣು ಮುಚ್ಚಿ ಬರೆಯಬೇಡಿ. ಕಾನಿನ ಅಂಚಿನಿಂದ 50, 100, 200 ಮೀಟರ್ ದೂರದಲ್ಲಿ ಸಸಿ ಪ್ಲಾಟ್ ಹಾಕಿ. ನಿಮ್ಮ ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಕುತೂಹಲ ಇರುವುದು ಈ ಒಂದು ನಕ್ಷೆಯ ಬಗ್ಗೆ.

ಪಿಎಚ್‌ಸಿ_ಅಕ್ಕ

ಎಲ್ಲ ಸರಿ, ಯಾವ ತಿಂಗಳು ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಹೇಳುತ್ತೇನೆ. ಅಕ್ಟೋಬರಿನಲ್ಲಿ ಮುಗಿಸಿ. ಡಿಸೆಂಬರ್ ಬಂದರೆ ಮಂಗನ ಕಾಯಿಲೆಯ (ಉಣುಗು, ಅಂದರೆ ಉಣ್ಣೆ, ಕಚ್ಚಿ ಬರುವ ಜ್ವರ) ಕಾಲ, ಮೇವರೆಗೂ ಇರುತ್ತದೆ. ನೀವು ನೆಲದ ಮೇಲೆ ಕೂತು ದರಕು ಸರಿಸಿ ಸಸಿ ಎಣಿಸುತ್ತೀರಿ. ಉಣುಗು ಇರುವುದೇ ಅಲ್ಲಿ. ದರಕು, ಸೌದೆಗೆ ಹೋಗುವವರಿಗೆ ಈ ಕಾಯಿಲೆ ಬರುವುದು ಸುಮ್ನೆ ಅಲ್ಲ.

ಹೋಗುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ತೆಗೆದುಕೊಳ್ಳಿ, ಕೈಕಾಲಿಗೆ ಹಚ್ಚಿ. ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೋ ತೆಗೆಯಲೂ ಬೇಡ. ನಮಗೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು.

ನಿಮ್ಮ ವಿಷಯಕ್ಕೂ ಇದು ಸೇರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿ, ಜನ ಮಂಗ ಉಣುಗು ಒಂದೇ ಕಡೆ ಸೇರಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ತಿಳಿದವರು ಹೇಳುತ್ತಾರೆ.

ಬೆಂಗಳೂರಲ್ಲಿರೋ_ಸಿರ್ಸಿ

ಉತ್ಸಾಹ ಕುಗ್ಗಿಸುತ್ತಿಲ್ಲ, ಆದರೆ ನಾವೂ ಹೀಗೇ ಮಾಡಿದ್ದೆವು. ಹಳ್ಳದ ಮೀನಿನ ಮೇಲೆ. ಚಿನ್ನದ ಅಕ್ಷರದಲ್ಲಿ ಬೈಂಡ್ ಮಾಡಿಸಿದ್ದು ಕಾಲೇಜಿನ ಕಪಾಟಿಗೆ ಹೋಯಿತು, ಗೆದ್ದಲು ಓದಿತು. ಅದರ ಮೂಲ ಲೆಕ್ಕ ಇದ್ದ ನೋಟ್‌ಬುಕ್ ಯಾರ ಹತ್ತಿರವೂ ಇಲ್ಲ. ಈಗ ಆ ಹಳ್ಳಕ್ಕೆ ಏನಾಗಿದೆ ಅಂತ ಹೋಲಿಸಲು ನಮ್ಮ ಕೆಲಸ ಇದ್ದೂ ಇಲ್ಲದ ಹಾಗೆ.

ಹಳೆ_ಹರ್ಬೇರಿಯಂ

ಅದಕ್ಕೆ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮೊದಲು ಹೋಗಿ ಅದನ್ನು ಓದಿ, ನಿಮಗೆ ಬೇಕಾದ "ಮೊದಲು ಹೇಗಿತ್ತು" ಅದರಲ್ಲಿ ಸ್ವಲ್ಪ ಸಿಗಬಹುದು. ಕೆಲಸ ಮುಗಿದ ಮೇಲೆ ನಿಮ್ಮ ಪಟ್ಟಿಯ ಒಂದು ಪ್ರತಿ ಅಲ್ಲಿ ಕೊಡಿ. ಪ್ಲಾಟ್‌ನ ನಾಲ್ಕು ಮೂಲೆಯ ಮರಕ್ಕೆ ಗುರುತು, ಜಿಪಿಎಸ್ ಅಂಕೆ, ದಿನಾಂಕ, ಅಳೆದವರು ಯಾರು, ಎಲ್ಲ ಬರೆದಿರಲಿ. ಮುಂದಿನ ಬ್ಯಾಚಿನವರು ಅದೇ ಮರದ ಬುಡಕ್ಕೆ ಬಂದು ನಿಲ್ಲುವಂತಿರಬೇಕು.

ಮರದ ಹೆಸರು ಊರಿನವರು ಹೇಳಿದ ಹಾಗೆಯೇ ಮೊದಲು ಬರೆಯಿರಿ. ಶಾಸ್ತ್ರೀಯ ಹೆಸರು ಆಮೇಲೆ. ಗೊತ್ತಿಲ್ಲದ್ದಕ್ಕೆ ನಂಬರ್ ಹಾಕಿ ಎಲೆ ಒತ್ತಿ ಇಟ್ಟುಕೊಂಡು ಬನ್ನಿ. ಅಂದಾಜಿನಲ್ಲಿ ಹೆಸರು ಇಡಬೇಡಿ. ಕಾನಿನೊಳಗೆ ಅಳೆಯುವುದಾದರೆ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ, ಊರಿನ ಹಿರಿಯರ ಒಪ್ಪಿಗೆಯೂ ಇರಲಿ.

ಒರತೆ_ನೀರು

ಒಂದು ಕಿವಿಮಾತು. ಕಾನಿನ ತಗ್ಗಿನಲ್ಲಿ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು) ಸಿಕ್ಕರೆ, ಅಂದರೆ ಕೆಸರಿನಿಂದ ಮಂಡಿ ಮಡಚಿದ ಹಾಗೆ ಬೇರು ಎದ್ದಿದ್ದರೆ, ಅದರೊಳಗೆ ಹಗ್ಗ ಎಳೆದು ತುಳಿಯಬೇಡಿ. ಅಂಚಿನಿಂದ ನೋಡಿ. ಅದರ ಬೀಜ ಒಣಗಿದರೆ ಹುಟ್ಟುವುದಿಲ್ಲ, ಆ ಒದ್ದೆ ನೆಲವೇ ಅದಕ್ಕೆ ಬೇಕು. ಮೇಲಿನಿಂದ ತೋಟಕ್ಕೆ ಕರಿ ಪೈಪ್ ಎಳೆದಿದ್ದಾರಾ, ಬೇಸಿಗೆಯಲ್ಲಿ ನೀರು ನಿಲ್ಲುತ್ತದಾ ಅಷ್ಟು ಬರೆದುಕೊಳ್ಳಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಗೇರಿನ ಸಂಬಂಧದ ಮರವನ್ನು ಹೊಸ ಪ್ರಭೇದ ಅಂತ ಹೆಸರಿಟ್ಟಿದ್ದು 2000ದಲ್ಲಿ. ಅಲ್ಲಿಯವರೆಗೆ ವಿಜ್ಞಾನಕ್ಕೆ ಅದು ಗೊತ್ತೇ ಇರಲಿಲ್ಲ. ಅಂಥದ್ದೇನಾದರೂ ಅನುಮಾನ ಬಂದರೆ ಜಾಗದ ಗುರುತನ್ನು ಇಲ್ಲಿ ಹಾಕಬೇಡಿ.

ತೋಟದ_ಮನೆ

ಇಷ್ಟು ಓದಿದ ಮೇಲೆ ನನ್ನದೂ ಒಂದು ಷರತ್ತು. ಬೆಟ್ಟದ ಬಗ್ಗೆ ಏನು ಬರೆದರೂ ಮೊದಲು ಬೆಟ್ಟದವರಿಗೆ ಓದಿ ಹೇಳಬೇಕು. ವರದಿ ಅಂದರೆ ನಮ್ಮ ಕಡೆ ಭಯ ಇದೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ ಅಂತ ಕೇಳಿ ಕೇಳಿ, ಯಾರಾದರೂ ಟೇಪ್ ಹಿಡಿದು ಬಂದರೆ ಬೆಟ್ಟ ಕಸಿದುಕೊಳ್ಳಲು ಬಂದರು ಅನ್ನುತ್ತಾರೆ. ಅದನ್ನು ಬಿಡಿಸಿ ಹೇಳದಿದ್ದರೆ ನಿನಗೆ ಸರಿಯಾದ ಉತ್ತರವೂ ಸಿಗುವುದಿಲ್ಲ. ದನ ಎಷ್ಟು ಅಂತ ಕೇಳಿದರೂ ಸುಳ್ಳು ಹೇಳುತ್ತಾರೆ.

ಮುರುಗಲು_ಹುಳಿ

ಒಪ್ಪಿದೆವು ಅಣ್ಣ. ಗೈಡ್ ಸರ್ ಜತೆ ಮಾತಾಡಿ ಪ್ಲಾನ್ ಬದಲಿಸಿದ್ದೇವೆ. ಅಕೇಶಿಯಾ ಕೈಬಿಟ್ಟೆವು, ಸಮಯ ಸಾಲುವುದಿಲ್ಲ. ಒಂದೇ ಊರಿನ ಆರು ಬೆಟ್ಟ: ಎರಡು ಬಿಟ್ಟಿದ್ದು, ಎರಡು ಗುಡಿಸುವುದು, ಎರಡು ಸವರುವುದು. ಮರ, ಸಸಿ ಎಣಿಕೆ, ಪೈಪಿನ ನೀರು, ಮನೆಯವರ ಜತೆ ಮಾತು. ಕಾನಿನ ಒಳಗೆ ಹೋಗುವುದಿಲ್ಲ, ಅಂಚಿನಿಂದ ದೂರ ಮಾತ್ರ ಅಳೆಯುತ್ತೇವೆ. ಶೀರ್ಷಿಕೆಯಲ್ಲಿದ್ದ "ಬದಲಾವಣೆ" ತೆಗೆದು "ಸೊಪ್ಪಿನ ಬೆಟ್ಟದ ಬಳಕೆ ಮತ್ತು ಸಸಿಗಳ ಉಳಿವು" ಅಂತ ಮಾಡಿದ್ದೇವೆ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಕೂಡಲೇ ಶುರು.

ಒಂದೇ ಕೊರತೆ. ಸವರುವ ಬೆಟ್ಟ ಒಂದೇ ಸಿಕ್ಕಿದೆ, ಇನ್ನೊಂದು ಬೇಕು.

ತೋಟದ_ಮನೆ

ನಮ್ಮದು ಅದೇ ಹೋಬಳಿ. ನಮ್ಮ ಬೆಟ್ಟದ ಮೇಲ್ತುಂಡು ಈಗಲೂ ಸವರುತ್ತೇವೆ. ಬರುವ ಹಿಂದಿನ ದಿನ ಮೆಸೇಜ್ ಹಾಕು, ಊಟ ಇಲ್ಲೇ. ಮತ್ತಿ ಸಸಿ ನಾನೇ ಎಣಿಸಲು ಹೋಗಿದ್ದೆ, ಯಾವುದು ಮತ್ತಿ ಯಾವುದು ಕಿಂದಲ ಅಂತ ಗೇಣುದ್ದದ್ದರಲ್ಲಿ ಗೊತ್ತಾಗಲಿಲ್ಲ. ಮೇಷ್ಟ್ರಿಗೆ ಆ ದಿನ ಪುರುಸೊತ್ತಿದ್ದರೆ ಅವರೂ ಬರಲಿ.

ಹಳೆ_ಹರ್ಬೇರಿಯಂ

ಬರುತ್ತೇನೆ. ಮೊಣಕಾಲು ನೋವು, ಇಳಿಜಾರು ಜಾಸ್ತಿ ಇದ್ದರೆ ಕೆಳಗೇ ಕೂರುತ್ತೇನೆ, ಎಲೆ ತಂದು ತೋರಿಸಿ.